ಎಸ್‌ಟಿಪಿ ಹಸ್ತಾಂತರ ಪತ್ರಕ್ಕೆ ಸಹಿ ಹಾಕುವ ಮುನ್ನ

ಅಪಾರ್ಟ್‌ಮೆಂಟ್ ಸಂಘದವರು ನನ್ನ ಕಚೇರಿಗೆ ಬರುವಾಗ ಸಾಮಾನ್ಯವಾಗಿ ಎರಡು ಕಾಗದ ತಂದಿರುತ್ತಾರೆ. ಒಂದು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸು: ನಿಮ್ಮ ಕೊಳಚೆ ನೀರಿನ ಸಂಸ್ಕರಣಾ ಘಟಕ (ಎಸ್‌ಟಿಪಿ) ಸರಿಯಾಗಿ ನಡೆಯುತ್ತಿಲ್ಲ, ನಿಮ್ಮ ಮೇಲೆ ಯಾಕೆ ಕ್ರಮ ಜರುಗಿಸಬಾರದು? ಇನ್ನೊಂದು, ಅದೇ ಘಟಕವನ್ನು ‘ಸುಸ್ಥಿತಿಯಲ್ಲಿ ವಹಿಸಿಕೊಂಡಿದ್ದೇವೆ, ಇನ್ನು ಯಾವ ತಕರಾರೂ ಇಲ್ಲ’ ಎಂದು ಅವರೇ ಬಿಲ್ಡರಿಗೆ ಬರೆದುಕೊಟ್ಟ ಪತ್ರ. ಮೊದಲನೆಯದನ್ನು ಕಂಡು ಅವರಿಗೆ ಭಯ. ಎರಡನೆಯದನ್ನು ಕಂಡು ನನಗೆ ಸಂಕಟ. ನೋಟಿಸಿಗೆ ಉತ್ತರ ಬರೆಯಬಹುದು. ಕೊಟ್ಟ ಸಹಿಯನ್ನು ವಾಪಸು ಪಡೆಯುವುದು ಬಹಳ ಕಷ್ಟ.

ಅಕ್ರಮವಾಗಿ ಕಟ್ಟಿದ್ದು, ಅಳತೆಗಿಂತ ಚಿಕ್ಕದಾಗಿ ಕಟ್ಟಿದ್ದು ಬಿಲ್ಡರ್. ಕೊಳಚೆ ಕೆರೆಗೆ ಹೋದಾಗ ನೋಟಿಸು ಬರುವುದು ಮಾತ್ರ ಮನೆ ಕೊಂಡವರಿಗೆ. ಹೀಗಾಗದಂತೆ ನೋಡಿಕೊಳ್ಳಲು ಕಾನೂನಿನಲ್ಲಿ ದಾರಿಯಿದೆ. ಆ ದಾರಿ ಕಾಗದದಿಂದ ಶುರುವಾಗುತ್ತದೆ.

1974ರ ಜಲ ಮಾಲಿನ್ಯ ಕಾಯ್ದೆಯ ಕಲಂ 25ರ ಪ್ರಕಾರ ಮಂಡಳಿಯ ಅನುಮತಿ ಬೇಕು. ಕಟ್ಟುವ ಮೊದಲು ಪಡೆಯುವುದನ್ನು ಸಿಎಫ್‌ಇ, ನಡೆಸಲು ಪಡೆಯುವುದನ್ನು ಸಿಎಫ್‌ಒ ಅನ್ನುತ್ತಾರೆ. ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ 2006ರ ಪರಿಸರ ಪರಿಣಾಮ ಮೌಲ್ಯಮಾಪನ (ಇಐಎ) ಅಧಿಸೂಚನೆಯಂತೆ ಪರಿಸರ ಅನುಮೋದನೆಯೂ ಇರಬೇಕು. ಎಷ್ಟು ಮನೆಗೆ ಎಷ್ಟು ಸಾಮರ್ಥ್ಯದ ಘಟಕ ಕಟ್ಟುತ್ತೇನೆಂದು ಬಿಲ್ಡರ್ ಸರ್ಕಾರಕ್ಕೆ ಮಾತು ಕೊಟ್ಟಿದ್ದ ಎಂಬುದು ಈ ಕಾಗದಗಳಲ್ಲಿ ಸಿಗುತ್ತದೆ. ಬಿಲ್ಡರ್ ಕೊಡದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಮಂಡಳಿಯನ್ನೇ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಆದರೆ ಎಚ್ಚರ: ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದಗಳ ಮಿತಿಯಲ್ಲಿ. ನಾಲ್ಕು ಪುಟದ ಗೋಳು ಬರೆದರೆ ಅರ್ಜಿಯನ್ನು ತಿರಸ್ಕರಿಸಲು ಗುಮಾಸ್ತರಿಗೆ ನೀವೇ ನೆಪ ಒದಗಿಸಿದಂತೆ. ‘ಇಂಥ ಸರ್ವೆ ನಂಬರಿನ ವಸತಿ ಸಮುಚ್ಚಯಕ್ಕೆ ನೀಡಿದ ಸಿಎಫ್‌ಇ, ಸಿಎಫ್‌ಒ, ತಪಾಸಣಾ ವರದಿ ಮತ್ತು ನೀರಿನ ಪರೀಕ್ಷಾ ವರದಿಗಳ ದೃಢೀಕೃತ ಪ್ರತಿ’ ಎಂದಷ್ಟೇ ಬರೆಯಿರಿ.

ಈಗ ಅತಿ ಹೆಚ್ಚು ಜನ ಎಡವುವ ಜಾಗಕ್ಕೆ ಬರುತ್ತೇನೆ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ (ರೇರಾ) ಕಲಂ 14(3) ಹೇಳುವುದಿಷ್ಟು: ಕಟ್ಟಡದ ರಚನೆ, ಕೆಲಸದ ಗುಣಮಟ್ಟ ಅಥವಾ ಒದಗಿಸಿದ ಸೇವೆಯಲ್ಲಿ ದೋಷವಿದ್ದು, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಅದನ್ನು ಬಿಲ್ಡರನ ಗಮನಕ್ಕೆ ತಂದರೆ, ಆತ 30 ದಿನದಲ್ಲಿ ಬಿಡಿಗಾಸು ಕೇಳದೆ ಸರಿಪಡಿಸಬೇಕು. ಇಲ್ಲದಿದ್ದರೆ ಪರಿಹಾರ ತೆರಬೇಕು. ‘ಸ್ವಾಧೀನ ಕೊಟ್ಟ ದಿನದಿಂದ’ ಎಂಬ ಮಾತನ್ನು ಇನ್ನೊಮ್ಮೆ ಓದಿ. ಸಂಘಕ್ಕೆ ಎಸ್‌ಟಿಪಿ ಹಸ್ತಾಂತರಿಸಿದ ದಿನದಿಂದ ಎಂದು ಕಾಯ್ದೆ ಹೇಳುವುದಿಲ್ಲ. ಮನೆಗಳು ಒಂದೊಂದಾಗಿ ತುಂಬುತ್ತವೆ, ಸಂಘದ ನೋಂದಣಿ ತಡವಾಗುತ್ತದೆ, ಬಿಲ್ಡರ್ ‘ಇನ್ನೂ ಸ್ವಲ್ಪ ದಿನ ನಾವೇ ನಡೆಸಿಕೊಡ್ತೀವಿ ಸಾರ್’ ಅಂದಾಗ ಎಲ್ಲರಿಗೂ ನಿರಾಳ. ನಡೆಸಿಕೊಡುವ ಆ ವರ್ಷಗಳಲ್ಲಿ ಅವಧಿ ಸವೆಯುತ್ತಿರುತ್ತದೆ. ಸಂಘ ಎದ್ದು ನಿಲ್ಲುವ ಹೊತ್ತಿಗೆ ಮೊದಲು ಬಂದವರ ಐದು ವರ್ಷ ಮುಗಿದಿರುತ್ತದೆ.

ಇದಕ್ಕೊಂದು ವಿನಾಯಿತಿ ಇದೆ. ಸ್ವಾಧೀನದ ದಿನ ಪ್ರತಿ ಮನೆಗೂ ಬೇರೆ. ಬಿಲ್ಡರನಿಂದ ತಡವಾಗಿ ಮನೆ ಪಡೆದವರ ಅವಧಿ ಇನ್ನೂ ಉಳಿದಿರಬಹುದು. ದೂರಿನಲ್ಲಿ ಅವರ ಹೆಸರು ಇರಲೇಬೇಕು. ಮೊದಲ ಮಾಲೀಕರಿಂದ ಕೊಂಡವರಿಗೂ ದೂರು ಕೊಡುವ ಹಕ್ಕಿದೆ, ಆದರೆ ಅವರಿಗಾಗಿ ಐದು ವರ್ಷ ಹೊಸದಾಗಿ ಶುರುವಾಗುವುದಿಲ್ಲ.

‘ಗಮನಕ್ಕೆ ತರುವುದು’ ಅಂದರೆ ವಾಟ್ಸ್ಯಾಪ್ ಗುಂಪಿನಲ್ಲಿ ಬೈದಾಡುವುದಲ್ಲ, ಸೈಟ್ ಎಂಜಿನಿಯರಿಗೆ ಫೋನ್ ಮಾಡುವುದೂ ಅಲ್ಲ. ಬಿಲ್ಡರ್ ಕಂಪನಿಯ ನೋಂದಾಯಿತ ವಿಳಾಸಕ್ಕೆ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್, ಜೊತೆಗೆ ಇಮೇಲ್. ಯಾವ ದೋಷ, ಯಾವಾಗಿನಿಂದ, ಫೋಟೊ, ಪ್ರಯೋಗಾಲಯದ ವರದಿ ಎಲ್ಲ ಅದರಲ್ಲಿರಲಿ. ಸಂಘದ ನೋಂದಣಿಗೆ ಕಾಯಬೇಡಿ, ಒಬ್ಬ ಮನೆ ಮಾಲೀಕ ಬರೆದರೂ ಸಾಕು.

ಇನ್ನು ಆ ‘ಸುಸ್ಥಿತಿ’ ಪತ್ರ. ಕಾಯ್ದೆ ಕೊಟ್ಟ ಹಕ್ಕು ಒಂದು ಪತ್ರದಿಂದ ಅಳಿಸಿಹೋಗುವುದಿಲ್ಲ ಎಂದು ನಾವು ವಕೀಲರು ವಾದಿಸುತ್ತೇವೆ. ಆದರೆ ಎದುರು ಪಕ್ಷ ಅದೇ ಪತ್ರವನ್ನು ಎತ್ತಿ ಹಿಡಿದು, ‘ಕೊಟ್ಟಾಗ ಚೆನ್ನಾಗಿತ್ತು, ಇವರ ನಿರ್ವಹಣೆಯಲ್ಲಿ ಹಾಳಾಯಿತು’ ಅನ್ನುತ್ತದೆ. ಆಗ ದೋಷ ಮೊದಲೇ ಇತ್ತೆಂದು ಸಾಬೀತು ಮಾಡುವ ಹೊರೆ ನಿಮ್ಮ ತಲೆಗೆ. ಸಹಿ ಹಾಕಲೇಬೇಕಾಗಿ ಬಂದರೆ, ‘ಸಾಮರ್ಥ್ಯ ಮತ್ತು ಗುಣಮಟ್ಟದ ಪರೀಕ್ಷೆಗೆ ಒಳಪಟ್ಟು, ಹಕ್ಕುಗಳನ್ನು ಕಾಯ್ದಿರಿಸಿಕೊಂಡು’ ಎಂದು ಕೈಬರಹದಲ್ಲಾದರೂ ಸೇರಿಸಿ.

ಪರೀಕ್ಷೆ ಮಾಡುವುದು ಹೇಗೆ? ಮೊದಲು ಲೆಕ್ಕ. 100 ಮನೆ, ಮನೆಗೆ 5 ಜನ, ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ 67,500 ಲೀಟರ್ ನೀರು ಬಳಕೆಯಾಗುತ್ತದೆ. ಅದರ ಬಹುಪಾಲು ಕೊಳಚೆಯಾಗಿ ಘಟಕಕ್ಕೆ ಬರುತ್ತದೆ. 40,000 ಲೀಟರಿನ ಘಟಕ ಕಟ್ಟಿ, ಮೂವತ್ತು ಮನೆ ತುಂಬಿದಾಗ ಹಸ್ತಾಂತರಿಸಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ! ನಂತರ ಕೆಳಗಿಳಿದು ನೋಡಿ. ಗಾಳಿ ಊದುವ ಟ್ಯಾಂಕಿನ ನೀರು ಕಂದು ಬಣ್ಣದಲ್ಲಿದ್ದು ಮಣ್ಣಿನ ವಾಸನೆ ಬರುತ್ತಿದ್ದರೆ ಸೂಕ್ಷ್ಮಜೀವಿಗಳು ಬದುಕಿವೆ. ಕಪ್ಪಾಗಿ ಕೊಳೆತ ಮೊಟ್ಟೆಯ ನಾತ ಹೊಡೆದರೆ ಗಾಳಿ ಸಾಲುತ್ತಿಲ್ಲ. ಕರೆಂಟು ಬಿಲ್ ಉಳಿಸಲು ರಾತ್ರಿ ಬ್ಲೋವರ್ ನಿಲ್ಲಿಸುತ್ತಿರಬಹುದು, ಮೀಟರ್ ರೀಡಿಂಗ್ ಕೇಳಿ. ಆ ಟ್ಯಾಂಕಿನ ನೀರನ್ನು ಒಂದು ಲೀಟರಿನ ಗಾಜಿನ ಜಾಡಿಗೆ ತುಂಬಿ 30 ನಿಮಿಷ ಅಲುಗಾಡಿಸದೆ ಇಡಿ. ಕೆಸರು ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲಬೇಕು. ಇದಿಷ್ಟೂ ನಿಮ್ಮ ತಿಳಿವಳಿಕೆಗೆ ಮಾತ್ರ. ರೇರಾ ಪ್ರಾಧಿಕಾರದ ಮುಂದೆ ಬೆಲೆ ಬರಬೇಕಾದರೆ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಯೇ ಬೇಕು. ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) ಮೊದಲಾದವುಗಳ ಮಿತಿ ನಿಮ್ಮ ಸಿಎಫ್‌ಒದಲ್ಲೇ ಅಚ್ಚಾಗಿರುತ್ತದೆ, ವರದಿಯನ್ನು ಅದಕ್ಕೆ ತಾಳೆ ನೋಡಿ.

ವಹಿಸಿಕೊಂಡ ಮೇಲೆ ಸಿಎಫ್‌ಒ ಸಂಘದ ಹೆಸರಿಗೆ ಬದಲಾಗಬೇಕು. ಇಲ್ಲಿ ‘ಕನ್ಸಲ್ಟೆಂಟ್’ ಎಂಬ ದಲ್ಲಾಳಿ ಕಾದು ಕುಳಿತಿರುತ್ತಾನೆ. ಮಂಡಳಿಯ ಆನ್‌ಲೈನ್ ಖಾತೆಯ ಪಾಸ್‌ವರ್ಡ್ ಬಿಲ್ಡರನ ಬಳಿಯೋ ಈತನ ಬಳಿಯೋ ಉಳಿದಿರುತ್ತದೆ, ನವೀಕರಣಕ್ಕೆ ಪ್ರತಿ ಸಲವೂ ಆತನ ಕೈ ನೋಡಬೇಕು. ‘ಒಳಗೆ ಮಾತಾಡಿದ್ದೀನಿ’ ಅಂದವನಿಗೆ ನಗದು ಕೊಟ್ಟು, ಅರ್ಜಿಯೇ ಸಲ್ಲಿಕೆಯಾಗಿಲ್ಲವೆಂದು ನೋಟಿಸು ಬಂದಾಗ ತಿಳಿದವರನ್ನು ನೋಡಿದ್ದೇನೆ. ಪಾಸ್‌ವರ್ಡ್ ಹಸ್ತಾಂತರದ ಪಟ್ಟಿಯಲ್ಲೇ ಇರಲಿ. ಶುಲ್ಕವನ್ನು ಸಂಘದ ಬ್ಯಾಂಕ್ ಖಾತೆಯಿಂದಲೇ ಕಟ್ಟಿ, ಅರ್ಜಿ ಸಂಖ್ಯೆಯನ್ನು ನೀವೇ ಇಟ್ಟುಕೊಳ್ಳಿ.

ಮಂಡಳಿಯವರು ತಪಾಸಣೆಗೆ ಬಂದರೆ ಹೆದರಬೇಡಿ, ಅಡ್ಡಿಯನ್ನೂ ಮಾಡಬೇಡಿ. ಆದರೆ ಜಲ ಮಾಲಿನ್ಯ ಕಾಯ್ದೆಯ ಕಲಂ 21 ತಿಳಿದಿರಲಿ. ಮಾದರಿ ತೆಗೆಯುವಾಗ ನೋಟಿಸು ಕೊಡಬೇಕು, ನಿಮ್ಮೆದುರೇ ಎರಡು ಭಾಗ ಮಾಡಿ ಸೀಲು ಹಾಕಬೇಕು, ಇಬ್ಬರ ಸಹಿಯೂ ಇರಬೇಕು. ಎರಡನೆಯ ಭಾಗವನ್ನು ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಕ್ರಮ ತಪ್ಪಿದರೆ ಆ ವರದಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ವಾಚ್‌ಮನ್ ಕೈಯಲ್ಲಿ ಖಾಲಿ ನಮೂನೆಗೆ ಸಹಿ ಹಾಕಿಸಿಕೊಂಡು ಹೋಗುವ ಅಧಿಕಾರಿಗಳಿದ್ದಾರೆ. ಇದು ಕರ್ತವ್ಯಲೋಪ, ಅದನ್ನು ಅಂದೇ ಲಿಖಿತವಾಗಿ ಆಕ್ಷೇಪಿಸಿ. ಯಾರು ಸಹಿ ಹಾಕಬೇಕೆಂದು ಸಂಘದಲ್ಲಿ ಮೊದಲೇ ತೀರ್ಮಾನಿಸಿ ಗೇಟಿನಲ್ಲಿ ತಿಳಿಸಿಡಿ.

ಕೆಸರಿನ ವಿಷಯಕ್ಕೆ ಬಂದರೆ ಸಿಟ್ಟು ತಡೆಯಲಾಗುವುದಿಲ್ಲ. ನೀರು ಶುದ್ಧವಾದಷ್ಟೂ ಕೆಸರು ಉಳಿಯುತ್ತದೆ. ಅದನ್ನು ಫಿಲ್ಟರ್ ಪ್ರೆಸ್ಸಿನಲ್ಲಿ ಹಿಂಡಿ ಒಣಗಿಸಬೇಕು. ಪ್ರೆಸ್ಸು ತುಕ್ಕು ಹಿಡಿದು ಮೂಲೆಯಲ್ಲಿರುತ್ತದೆ, ರಾತ್ರಿ ಟ್ಯಾಂಕರ್ ಬಂದು ಹೀರಿಕೊಂಡು ರಾಜಕಾಲುವೆಗೆ ಸುರಿಯುತ್ತದೆ. ಹಸಿ ಕೆಸರಿನಲ್ಲಿ ಜಂತುಹುಳುವಿನ ಮೊಟ್ಟೆಗಳಿರುತ್ತವೆ, ಸಂಸ್ಕರಿಸದೆ ಸೊಪ್ಪಿನ ಹೊಲಕ್ಕೆ ಹಾಕುವಂತಿಲ್ಲ. ಮಲದ ಕೆಸರನ್ನೇ ಸಂಸ್ಕರಿಸುವ ಘಟಕ ದೇವನಹಳ್ಳಿಯಲ್ಲಿ 2015ರಿಂದ ಇದೆ, ಅಂದರೆ ದಾರಿ ಇಲ್ಲದಿಲ್ಲ. ಟ್ಯಾಂಕರಿನವನು ಎಲ್ಲಿ ಸುರಿದನೆಂಬ ರಸೀದಿ ತರದೆ ಹಣ ಕೊಡಬೇಡಿ.

ಟ್ಯಾಂಕಿನೊಳಗೆ ಯಾರನ್ನೂ ಇಳಿಸಬೇಡಿ. ಒಳಗಿನ ಹೈಡ್ರೋಜನ್ ಸಲ್ಫೈಡ್ ಒಂದೆರಡು ಉಸಿರಿನಲ್ಲಿ ಪ್ರಜ್ಞೆ ತಪ್ಪಿಸಬಲ್ಲದು. ಎತ್ತಲು ಇಳಿದವರೂ ಸಾಯುತ್ತಾರೆ. ಸಾಯುವವರು ಹೆಚ್ಚಾಗಿ ದಲಿತರು. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಕಲಂ 7 ಸುರಕ್ಷಾ ಸಾಧನವಿಲ್ಲದ ಅಪಾಯಕಾರಿ ಶುಚಿಗೊಳಿಸುವಿಕೆಗೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಜನರನ್ನು ನೇಮಿಸುವುದನ್ನು ನಿಷೇಧಿಸುತ್ತದೆ. ‘ಕಂಟ್ರಾಕ್ಟರಿಗೆ ಹೇಳಿದ್ದೆವು, ಅವನು ಇಳಿಸಿದ’ ಎಂಬ ಉತ್ತರಕ್ಕೆ ‘ಪರೋಕ್ಷವಾಗಿ’ ಎಂಬ ಮಾತೇ ಅಡ್ಡ ನಿಲ್ಲುತ್ತದೆ. ಮೊದಲ ಅಪರಾಧಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ, ಜಾಮೀನು ರಹಿತ. ಚರಂಡಿ ಸಾವಿಗೆ ಪರಿಹಾರ 30 ಲಕ್ಷ ರೂಪಾಯಿ ಎಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಸತ್ತವರ ಮನೆಯವರಿಗೆ ಒಂದಿಷ್ಟು ಹಣ ಕೊಟ್ಟು ಸಹಿ ಹಾಕಿಸಿಕೊಳ್ಳಲು ಬರುವವರಿದ್ದಾರೆ. ಆ ಮನೆಯವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ: ಸಹಿ ಹಾಕಬೇಡಿ, ಮೊದಲು ಎಫ್‌ಐಆರ್ ಮಾಡಿಸಿ.

ಬಿಲ್ಡರ್ 30 ದಿನದಲ್ಲಿ ಸರಿಪಡಿಸದಿದ್ದರೆ ರೇರಾಕ್ಕೆ ಹೋಗಿ. ದುರಸ್ತಿ ಮಾಡಿಸಿಕೊಡಿ ಎಂಬ ಕೋರಿಕೆ ಪ್ರಾಧಿಕಾರದ ಮುಂದೆ, ಪರಿಹಾರದ ಹಣ ಕೇಳುವುದು ನ್ಯಾಯನಿರ್ಣಾಯಕ ಅಧಿಕಾರಿಯ ಮುಂದೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದರೆ ತಿಂಗಳುಗಟ್ಟಲೆ ವ್ಯರ್ಥ. ರೇರಾಕ್ಕೆ ಮೊದಲೇ ಮುಗಿದ ಕಟ್ಟಡಗಳಿಗೆ ಗ್ರಾಹಕರ ಆಯೋಗ ಇದೆ, ಅಲ್ಲಿ ಮಿತಿ ಎರಡೇ ವರ್ಷ. ಕೆರೆಗೆ ಕೊಳಚೆ ಹರಿಯುತ್ತಿದ್ದರೆ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಅರ್ಜಿ ಹಾಕಬಹುದು. ಕೊಳಚೆ ನಿಲ್ಲಿಸಲು ಕೇಳುವುದಾದರೆ ವಿವಾದದ ಕಾರಣ ಮೊದಲು ಹುಟ್ಟಿದಲ್ಲಿಂದ ಆರು ತಿಂಗಳು, ಪರಿಹಾರ ಕೇಳುವುದಾದರೆ ಐದು ವರ್ಷ. ಅರ್ಜಿ ಹಾಕುವವರು ಅಪಾರ್ಟ್‌ಮೆಂಟಿನವರೇ ಆಗಬೇಕಿಲ್ಲ. ಆ ಕೊಳಚೆಯಿಂದ ಬೋರ್‌ವೆಲ್ ನೀರು ಕೆಟ್ಟ ಪಕ್ಕದ ಹೊಲದ ರೈತನೂ ಹಾಕಬಹುದು, ಎದುರುದಾರರ ಸಾಲಿನಲ್ಲಿ ಬಿಲ್ಡರನ ಹೆಸರನ್ನು ಮೊದಲು ಬರೆಯಬಹುದು.