ಬಂಬಲ್‌ಬೀ ಗೂಡನ್ನು ಕಾಣುವ ಕ್ರಮ

ನಮ್ಮ ಮನೆಗಳ ತೊಲೆ ಜಂತೆಗಳನ್ನು ಕೊರೆದು ನೆಲಸುವ ಕರಿಯ ದುಂಬಿಗಿಂತ ಭಿನ್ನವಾದ, ಮೈಯೆಲ್ಲ ದಟ್ಟವಾದ ರೋಮವುಳ್ಳ ಬಂಬಲ್‌ಬೀ ಎಂಬ ದುಂಬಿಯು ಶೀತಪ್ರದೇಶದ ಜೀವಿಯಾದುದರಿಂದ, ಭಾರತದಲ್ಲಿ ಅದು ಮುಖ್ಯವಾಗಿ ಹಿಮಾಲಯದ ಸಾನುಗಳಲ್ಲಿ ಕಾಣಸಿಗುತ್ತದೆ. ಆದರೆ ಇಂಗ್ಲೆಂಡಿನಲ್ಲಿ ನೆಲಸಿರುವ ಕನ್ನಡಿಗರಿಗೂ, ಬೇಸಗೆಯಲ್ಲಿ ಅಲ್ಲಿಯ ಮಕ್ಕಳ ಮನೆಗೆ ಹೋಗಿ ತಂಗುವ ಹಿರಿಯರಿಗೂ ಹಿತ್ತಲಿನಲ್ಲಿಯೇ ಇದರ ಸಂಸಾರವನ್ನು ನೋಡುವ ಅವಕಾಶವುಂಟು. 2004ರಲ್ಲಿ ಬ್ರಿಟನ್ನಿನ ಸ್ವಯಂಸೇವಕರು ನಡೆಸಿದ ಸಮೀಕ್ಷೆಯಲ್ಲಿ, ಮನೆಯಂಗಳದ ತೋಟಗಳಲ್ಲಿ ಹೆಕ್ಟೇರಿಗೆ ಸುಮಾರು 36 ಗೂಡುಗಳಿರುವುವೆಂದು ಅಂದಾಜಾಯಿತು. ಇಷ್ಟಿದ್ದೂ ಅವು ಕಣ್ಣಿಗೆ ಬೀಳದಿರುವುದಕ್ಕೆ ಕಾರಣ, ನಾವು ಗೂಡನ್ನು ಹುಡುಕುತ್ತೇವೆಯೇ ಹೊರತು ದುಂಬಿಗಳ ಓಡಾಟವನ್ನು ಗಮನಿಸುವುದಿಲ್ಲ.

1. ಕಾಲವನ್ನು ಅರಿಯುವುದು

ಚಳಿಗಾಲವನ್ನು ಮಣ್ಣಿನಲ್ಲಿ ಒಂಟಿಯಾಗಿ ಕಳೆದ ರಾಣಿಯು ವಸಂತಾಗಮನದೊಡನೆ ಹೊರಬಂದು, ನೆಲಕ್ಕೆ ತಗಲಿದಂತೆ ಅತ್ತಿತ್ತ ಓಲಾಡುತ್ತ ಹಾರಿ, ಕಂಡ ಬಿಲಗಳನ್ನೆಲ್ಲ ಹೊಕ್ಕು ಹೊರಡುವುದನ್ನು ಕಂಡರೆ, ಆಕೆ ಇನ್ನೂ ಸ್ಥಳವನ್ನು ಅರಸುತ್ತಿರುವಳೆಂದು ತಿಳಿಯತಕ್ಕದ್ದು. ಹಿಂಗಾಲುಗಳಲ್ಲಿ ಪರಾಗದ ಮುದ್ದೆಯನ್ನು ಹೊತ್ತು ಒಂದೇ ರಂಧ್ರವನ್ನು ಮತ್ತೆ ಮತ್ತೆ ಪ್ರವೇಶಿಸಿದಾಗಲೇ ಗೂಡು ನೆಲೆಗೊಂಡಿತೆಂದು ಹೇಳಬಹುದು. ಕೆಲಸಗಾರ ದುಂಬಿಗಳು ಹೆಚ್ಚಿ ಸಂಚಾರ ಬಿರುಸಾಗುವ ಜೂನ್, ಜುಲೈ ತಿಂಗಳುಗಳು ವೀಕ್ಷಣೆಗೆ ಪ್ರಶಸ್ತವಾದವು.

2. ಸ್ಥಳವನ್ನು ಆರಿಸುವುದು

ಜಾತಿ ಬೇರೆಯಾದಂತೆ ನಿವಾಸವೂ ಬೇರೆ. ಬಿಳಿಯ ಅಥವಾ ಕಂದುಬಿಳಿಯ ಬಾಲದ ದೊಡ್ಡ ದುಂಬಿಗಳು ಇಲಿಗಳು ತೊರೆದ ಬಿಲಗಳನ್ನೂ, ಕೆಂಪು ಬಾಲದವು ಕಲ್ಲುಗಳ ಅಡಿಯನ್ನೂ ಗೋಡೆಗಳ ಬುಡವನ್ನೂ ಬಯಸಿದರೆ, ಕಂದುಬಣ್ಣದ ಕಾರ್ಡರ್ ದುಂಬಿಗಳು ಎತ್ತರದ ಹುಲ್ಲಿನ ನಡುವೆ, ನೆಲದ ಮೇಲೆಯೇ ಪಾಚಿಯನ್ನು ಹೆಣೆದು ಮರೆಮಾಡಿಕೊಳ್ಳುತ್ತವೆ. 2001ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಗುರುತಿಸಲ್ಪಟ್ಟ ಮರದುಂಬಿಯಾದರೋ ಹಕ್ಕಿಗಳಿಗೆಂದು ತೂಗುಹಾಕಿದ ಪೆಟ್ಟಿಗೆಗಳಲ್ಲಿಯೂ ಸೂರಿನ ಸಂದುಗಳಲ್ಲಿಯೂ ನೆಲಸುತ್ತದೆ. ಬೇಲಿಯ ದಿಣ್ಣೆ, ಗೊಬ್ಬರದ ರಾಶಿ, ಮರದ ಷೆಡ್ಡಿನ ಅಡಿ, ಇವು ಮೊದಲು ನೋಡಬೇಕಾದ ಜಾಗಗಳು.

3. ಕುಳಿತು ನೋಡುವುದು

ಬೆಚ್ಚನೆಯ, ಗಾಳಿಯಿಲ್ಲದ ದಿನದಲ್ಲಿ 6 ಮೀಟರು ಉದ್ದ, 6 ಮೀಟರು ಅಗಲದ ಜಾಗವನ್ನು ಗೊತ್ತುಮಾಡಿಕೊಂಡು, 20 ನಿಮಿಷ ಅದನ್ನು ಬಿಟ್ಟು ದೃಷ್ಟಿ ಕದಲಿಸದೆ ಕುಳ್ಳಿರಬೇಕು. ಹೂವಿಲ್ಲದ ತಾಣದಲ್ಲಿ ದುಂಬಿಗಳು ಒಂದೊಂದಾಗಿ ಇಳಿದು ಮಾಯವಾಗುತ್ತಿದ್ದರೆ ಅಲ್ಲಿ ಗೂಡಿರುವ ಸಂಭವ ಹೆಚ್ಚು. ನೆಲದಲ್ಲಿ ಹತ್ತಾರು ರಂಧ್ರಗಳಿದ್ದು ಒಂದೊಂದಕ್ಕೆ ಒಂದೊಂದೇ ದುಂಬಿಯಿದ್ದರೆ ಅವು ಒಂಟಿಯಾಗಿ ಬಾಳುವ ಬೇರೆ ಜಾತಿಯವು. ನುಣುಪು ಮೈಯ ಹಳದಿ ಕೀಟಗಳಾದರೆ ಕಣಜಗಳು. ಹಕ್ಕಿಪೆಟ್ಟಿಗೆಯ ಮುಂದೆ ಒಳಹೋಗದೆ ಸುಳಿದಾಡುವವು ಮರದುಂಬಿಯ ಗಂಡುಗಳು; ಗಂಡಿಗೆ ಕೊಂಡಿಯಿಲ್ಲವಾದುದರಿಂದ ಅವುಗಳಿಗೆ ಅಂಜಬೇಕಾಗಿಲ್ಲ.

4. ದಾಖಲಿಸುವುದು

ದ್ವಾರದಿಂದ ಎರಡು ಮೂರು ಮೀಟರು ದೂರದಲ್ಲಿ, ಹಾರುವ ದಾರಿಗೆ ಅಡ್ಡವಾಗದಂತೆ ಪಕ್ಕದಲ್ಲಿ ಕುಳಿತು, ಹತ್ತು ನಿಮಿಷದಲ್ಲಿ ಒಳಹೋದವೆಷ್ಟು, ಹೊರಬಂದವೆಷ್ಟು, ಪರಾಗ ತಂದವೆಷ್ಟು ಎಂಬುದನ್ನು ದಿನಾಂಕ ಹವಾಮಾನಗಳೊಡನೆ ಬರೆದಿಡಬೇಕು. ಮೊದಲ ಬಾರಿಗೆ ಹೊರಟ ದುಂಬಿ ಗೂಡಿನ ಕಡೆಗೇ ಮುಖಮಾಡಿ ಕಮಾನು ಕಮಾನಾಗಿ ಹಾರಿ ನೆಲೆಯನ್ನು ಗುರುತಿಟ್ಟುಕೊಳ್ಳುವ ಪರಿ ವಿಶೇಷವಾಗಿ ನೋಡತಕ್ಕದ್ದು.

5. ಎಚ್ಚರಿಕೆಗಳು

ದ್ವಾರದ ಮೇಲೆ ಬಾಗಿ ಉಸಿರು ಬಿಡಬಾರದು. ಉಸಿರು ತಗಲಿದರೆ ಅವು ಕೆರಳುತ್ತವೆ. ಜೇನ್ನೊಣದಂತೆ ಒಮ್ಮೆ ಕುಟುಕಿ ಸಾಯುವ ಜೀವಿ ಇದಲ್ಲವಾಗಿ, ಒಂದೇ ದುಂಬಿ ಹಲವು ಸಲ ಕುಟುಕಬಲ್ಲುದು. ಕೀಟದ ಕಡಿತ ಒಗ್ಗದವರು ದೂರದಿಂದಲೇ ನೋಡುವುದು ಲೇಸು. ಹುಲ್ಲು ಕತ್ತರಿಸುವ ಯಂತ್ರವನ್ನು ಗೂಡಿನ ಸುತ್ತ ಹಾಯಿಸಲಾಗದು.

ಇಲಿಗಳು ದುಂಬಿಗೂಡುಗಳನ್ನು ನಾಶಮಾಡುವುದನ್ನೂ, ಇಲಿ ಹಿಡಿಯುವ ಬೆಕ್ಕುಗಳಿರುವ ಊರುಗಳ ಸಮೀಪದಲ್ಲಿ ಗೂಡುಗಳು ಹೆಚ್ಚಾಗಿರುವುದನ್ನೂ ಡಾರ್ವಿನ್ನನು 1859ರ ತನ್ನ ಗ್ರಂಥದಲ್ಲಿಯೇ ಉಲ್ಲೇಖಿಸಿದ್ದಾನೆ. ಇಲಿಯ ಜೊತೆಗೆ ಬ್ಯಾಡ್ಜರ್ ಮೃಗ, ಮೇಣದ ಪತಂಗ ಮೊದಲಾದ ಶತ್ರುಗಳು ಈ ಗೂಡುಗಳಿಗೆ ಈಗಾಗಲೇ ಸಾಕಷ್ಟಿವೆ. ಶರತ್ಕಾಲ ಬರುವ ವೇಳೆಗೆ ಹಳೆಯ ರಾಣಿಯೂ ಕೆಲಸಗಾರರೂ ಸತ್ತು, ಹೊಸ ರಾಣಿಯರು ಮಾತ್ರ ಚಳಿಗಾಲ ಕಳೆಯಲು ಮಣ್ಣಿನೊಳಗೆ ಅಡಗುವುದರಿಂದ ಗೂಡು ತಾನಾಗಿಯೇ ಬರಿದಾಗುತ್ತದೆ. ಒಳಗೇನಿದೆಯೆಂಬ ಕುತೂಹಲವುಳ್ಳವರು ಅಲ್ಲಿಯವರೆಗೆ ಗುದ್ದಲಿಯನ್ನು ಮುಟ್ಟದಿರಲಿ.