ಷೇರು ಪತ್ರ ಕೊಟ್ಟರೆ ಮನೆ ಕೊಟ್ಟಂತೆಯೇ?

ಪ್ರಶ್ನೆ: ನಮ್ಮ ಅಳಿಯಂದಿರು ಮುಂಬಯಿಯ ಗಾಂವದೇವಿ ಕಡೆ ಒಂದು ಮನೆ ನೋಡಿದ್ದಾರೆ. ಎರಡನೇ ಮಹಾಯುದ್ಧಕ್ಕೂ ಮುಂಚಿನ ಸೊಸೈಟಿ ಕಟ್ಟಡ, ಒಳಗೆಲ್ಲ ಹೊಸದಾಗಿ ಮಾಡಿಸಿದ್ದಾರಂತೆ. ಕೋಟಿಗಳ ಮಾತು. ಆದರೆ ಕೈಗೆ ಕೊಡುವುದು ಷೇರು ಪತ್ರ ಎನ್ನುತ್ತಾರೆ. ಹಾಗಾದರೆ ಮನೆ ನಮ್ಮದೋ, ಸೊಸೈಟಿಯದೋ?
— ಓದುಗರೊಬ್ಬರು, ಮಸ್ಕಿ

ಉತ್ತರ: ಮನೆಯಲ್ಲಿ ವಾಸಿಸುವ, ಅದನ್ನು ಮಾರುವ, ಮಕ್ಕಳಿಗೆ ಬಿಟ್ಟುಹೋಗುವ ಹಕ್ಕು ನಿಮ್ಮ ಅಳಿಯಂದಿರದು. ಕಟ್ಟಡ ಸೊಸೈಟಿಯದು. ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಸೊಸೈಟಿ ಎಂದರೆ ಬೆಳೆಸಾಲ, ಗೊಬ್ಬರ, ರೇಷನ್. ಗೃಹ ನಿರ್ಮಾಣ ಸಂಘವಾದರೂ ಸೈಟು ಹಂಚಿ ಸದಸ್ಯರ ಹೆಸರಿಗೆ ಮಾಡಿಕೊಡುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಮುಂಬಯಿಯ ಪದ್ಧತಿ ಬೇರೆಯಾದ್ದರಿಂದ ನಿಮಗೆ ಸಂಶಯ ಬಂದದ್ದು ಸಹಜ.

ನಮ್ಮ ಕಡೆಯ ಹಳೆಯ ಮೇಲುಮುದ್ದೆ ಮನೆಗಳನ್ನು ನೆನೆಸಿಕೊಳ್ಳಿ. ಅಣ್ಣತಮ್ಮಂದಿರು ಭಾಗವಾಗಿ ಎರಡು ಮನೆ ಮಾಡಿಕೊಂಡರೂ ನಡುವಿನ ಗೋಡೆ ಸಾಮಾಯಿಕವೇ. ಇಬ್ಬರ ಜಂತಿಗಳೂ ಅದರ ಮೇಲೆಯೇ ಕೂತಿರುತ್ತವೆ. ಅಡುಗೆಮನೆ ದೊಡ್ಡದಾಗಲಿ ಎಂದು ತಮ್ಮ ಆ ಗೋಡೆಗೆ ಕೈಹಾಕಿದರೆ ಅಣ್ಣನ ಮಾಳಿಗೆ ಜಗ್ಗುತ್ತದೆ, ಸವಳು ಮಣ್ಣು ಬಿರುಕು ಬಿಟ್ಟು ಮೊದಲ ಮಳೆಗೇ ಪಡಸಾಲೆಯಲ್ಲಿ ಬುಟ್ಟಿ ಇಡಬೇಕಾಗುತ್ತದೆ. ಸೊಸೈಟಿ ಕಟ್ಟಡದಲ್ಲಿ ಇಂಥ ಸಾಮಾಯಿಕ ಒಂದು ಗೋಡೆಗೆ ನಿಲ್ಲುವುದಿಲ್ಲ. ಅಡಿಪಾಯ, ಮೆಟ್ಟಿಲು, ಪೈಪು, ಛತ್ತು ಎಲ್ಲವೂ ಎಲ್ಲರವು. ಒಳಗಿನ ಗೋಡೆ ಒಡೆಯಲೂ ಅನುಮತಿ ಕೇಳಬೇಕಾದದ್ದು ಅದಕ್ಕೇ.

ಷೇರು ಪತ್ರದ ಮೇಲೆ ಸಾಮಾನ್ಯವಾಗಿ 50 ರೂಪಾಯಿಯ ಹತ್ತು ಷೇರು, ಒಟ್ಟು 500 ರೂಪಾಯಿ ಎಂದು ಬರೆದಿರುತ್ತದೆ. ಕೋಟಿ ಕೊಟ್ಟು 500 ರೂಪಾಯಿಯ ಕಾಗದವೇ ಎಂದು ಗಾಬರಿಯಾಗಬೇಡಿ. ಆ ಷೇರಿನ ಜೊತೆಗೆ ಬರುವ ವಾಸದ ಹಕ್ಕೇ ಆಸ್ತಿ. ಅದನ್ನು ಮಾರಬಹುದು, ಸಾಲಕ್ಕಾಗಿ ಕೋರ್ಟು ಜಪ್ತಿಯನ್ನೂ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 1975ರಲ್ಲೇ ಮುಂಬಯಿಯ ಇಂಥದೇ ಒಂದು ಫ್ಲ್ಯಾಟಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಆದರೆ ಬರೀ ಷೇರು ಪತ್ರ ಸಾಲದು. ಖರೀದಿ ಕರಾರಿಗೆ ಮುದ್ರಾಂಕ ಶುಲ್ಕ ಕಟ್ಟಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು.

ಗಾಂವದೇವಿ ಎಂದು ಓದಿ ನನಗೆ ನಿಜಕ್ಕೂ ಖುಷಿಯಾಯಿತು. ದೇಶದ ಅತಿ ಹಳೆಯ ವಸತಿ ಸೊಸೈಟಿಗಳಲ್ಲಿ ಒಂದು ಹುಟ್ಟಿದ್ದು ಅಲ್ಲಿಯೇ, 1915ರಲ್ಲಿ. ಕಟ್ಟಿದವರು ಕೆನರಾ ಸೀಮೆಯ ಮೂಲದವರು, ಶಿರಾಲಿಯ ಚಿತ್ರಾಪುರ ಮಠಕ್ಕೆ ನಡೆದುಕೊಳ್ಳುವ ಸಾರಸ್ವತರು. ಪ್ಲೇಗು ಬಂದುಹೋದ ಮೇಲಿನ ಮುಂಬಯಿಯಲ್ಲಿ ಗುಮಾಸ್ತಗಿರಿಯ ಸಂಬಳಕ್ಕೆ ಗಾಳಿ ಬೆಳಕಿನ ಮನೆ ಸಿಗುವುದು ಕನಸಾಗಿತ್ತು. ಶ್ರೀಪಾದ ಸುಬ್ಬರಾವ್ ತಲಮಕಿ ಅವರು 1906ರಲ್ಲೇ ತಮ್ಮ ಗುರು ಶಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ ಸಾಲದ ಸಹಕಾರ ಸಂಘ ಕಟ್ಟಿದ್ದರು. ಅದೇ ಜನ, ಅದೇ ನಂಬಿಕೆಯ ಮೇಲೆ ಸಾರಸ್ವತ ವಸತಿ ಸೊಸೈಟಿ ಎದ್ದಿತು. ಅದಕ್ಕೂ ಮೊದಲು 1905ರಲ್ಲಿ ನಮ್ಮ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ರೈತರ ಸಂಘ, 1909ರಲ್ಲಿ ಬೆಂಗಳೂರಿನಲ್ಲಿ ಮನೆ ಕಟ್ಟುವ ಸಂಘ. ಹೀಗೆ ನೋಡಿದರೆ ಮಸ್ಕಿಯಲ್ಲಿ ನೀವು ಗೊಬ್ಬರ ತರುವ ಸೊಸೈಟಿಯೂ ಅಳಿಯಂದಿರು ನೋಡಿದ ಸೊಸೈಟಿಯೂ ಒಂದೇ ಬಳ್ಳಿಯ ಕಾಯಿಗಳು. ಬಾಡಿಗೆಗೆ ಹೆದರಿದ ನೌಕರರು ಚೂರು ಚೂರು ಹಣ ಕೂಡಿಸಿ ಕಟ್ಟಿಕೊಂಡ ಬಡಾವಣೆ ಈಗ ಶ್ರೀಮಂತರ ಬಡಾವಣೆ.

 

ಇನ್ನು ಹಳೆಯ ಕಟ್ಟಡದ ಮಾತು. ಹಳೆಯದಾದ ಮಾತ್ರಕ್ಕೆ ಬಿಡಬೇಕಿಲ್ಲ. ಎತ್ತರದ ಛತ್ತು, ದಪ್ಪ ಗೋಡೆ, ಎದುರುಬದುರು ಕಿಟಕಿ ಈಗ ಯಾರೂ ಕಟ್ಟಿಕೊಡುವುದಿಲ್ಲ. ಆದರೆ ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಪರಿಣತ ಎಂಜಿನಿಯರರ ತಪಾಸಣೆ ಕಡ್ಡಾಯ. ಆ ವರದಿಯನ್ನು ಸೊಸೈಟಿಯಿಂದ ಕೇಳಿ ಓದಲಿ. ನೆಲ ಯಾರ ಹೆಸರಿನಲ್ಲಿದೆ ಎಂಬುದನ್ನು ಇನ್ನೂ ಮುಖ್ಯವಾಗಿ ನೋಡಬೇಕು. ಆ ಕಾಲದ ಎಷ್ಟೋ ಕಟ್ಟಡಗಳು ಲೀಸಿನ ಜಾಗದ ಮೇಲಿವೆ. ಇಲ್ಲಿ ಹೊಲ ಕೊಳ್ಳುವಾಗ ಪಹಣಿ ತೆಗೆಸುವಂತೆ ಅಲ್ಲಿ ಪ್ರಾಪರ್ಟಿ ಕಾರ್ಡ್ ತೆಗೆಸಲಿ, ಲೀಸಾಗಿದ್ದರೆ ಉಳಿದ ವರ್ಷ ಎಣಿಸಲಿ. ಹಳೆಯ ಒಡೆಯರ ಬಾಕಿ ಇಲ್ಲವೆಂದು ಸೊಸೈಟಿಯಿಂದ ಬರೆಸಿಕೊಳ್ಳಲಿ.

ಹೊಸ ಟೈಲ್ಸು, ಹೊಸ ಬಣ್ಣ ನೋಡಿ ಮನಸೋಲುವುದು ಬೇಡ. ಕೆಳಗಿನ ಮಹಡಿಯವರ ಬಾಗಿಲು ತಟ್ಟಿ, ಇವರ ಬಚ್ಚಲು ಅವರ ಯಾವ ಕೋಣೆಯ ಮೇಲೆ ಬರುತ್ತದೋ ಆ ಛತ್ತನ್ನು ಒಮ್ಮೆ ತೋರಿಸಿ ಎಂದು ಕೇಳಲಿ. ಅಲ್ಲಿ ಕಂದು ಕಲೆ, ಉಬ್ಬಿದ ಗಿಲಾವು, ತುಕ್ಕು ಹಿಡಿದ ಕಬ್ಬಿಣ ಕಂಡರೆ ಮೇಲೆ ಹಾಕಿದ ಟೈಲ್ಸಿನ ಅಡಿ ಹಳೆಯ ಪೈಪು ಹಾಗೆಯೇ ಇದೆ ಎಂದು ತಿಳಿಯಿರಿ. ಜುಲೈ ಮಳೆಯಲ್ಲಿ ಹೋದರೆ ಇನ್ನೂ ಒಳ್ಳೆಯದು.