ಸೂಚ್ಯಂಕ ಏರಿದರೆ ಪೇಟೆಯೆಲ್ಲ ಏರಿತೇ?

ಸೆನ್ಸೆಕ್ಸ್ ಏರಿತೆಂದರೆ ಎಲ್ಲ ಷೇರುಗಳೂ ಏರಿದವೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. 1978–79ನ್ನು ಆಧಾರ ವರ್ಷವಾಗಿ ಇಟ್ಟುಕೊಂಡ ಈ ಸೂಚ್ಯಂಕದಲ್ಲಿರುವುದು 30 ಕಂಪನಿಗಳು ಮಾತ್ರ. ಸಾರ್ವಜನಿಕ ವಹಿವಾಟಿಗೆ ಸಿಗುವ ಷೇರುಗಳ ಒಟ್ಟು ಮೌಲ್ಯ ಹೆಚ್ಚಿದ್ದಷ್ಟೂ ಆ ಕಂಪನಿಯ ತೂಕ ಹೆಚ್ಚು.

ಚಟುವಟಿಕೆ: ಅ, ಆ, ಇ ಎಂಬ ಮೂರು ಕಂಪನಿಗಳ ಮೌಲ್ಯ ಕ್ರಮವಾಗಿ 70, 20, 10 ಎಂದು ಕಪ್ಪುಹಲಗೆಯ ಮೇಲೆ ಬರೆಯಿರಿ. ‘ಅ’ ಶೇ. 10ರಷ್ಟು ಏರಲಿ, ಉಳಿದೆರಡು ಶೇ. 10ರಷ್ಟು ಇಳಿಯಲಿ. ಮೊತ್ತವನ್ನು ವಿದ್ಯಾರ್ಥಿಗಳೇ ಕಂಡುಹಿಡಿಯಲಿ: 77 + 18 + 9 = 104. ಮೂರರಲ್ಲಿ ಎರಡು ಇಳಿದರೂ ಸೂಚ್ಯಂಕ ಏರಿತು.

ಆದ್ದರಿಂದ ಪೇಟೆಯ ದಿಕ್ಕನ್ನು ಹೇಳುವ ಮುನ್ನ ಏರಿದ ಷೇರುಗಳೆಷ್ಟು, ಇಳಿದವೆಷ್ಟು ಎಂಬುದನ್ನೂ ನೋಡಬೇಕೆಂದು ಮನವರಿಕೆ ಮಾಡಿಕೊಡಿ.

ಮೌಲ್ಯಮಾಪನ: ಅದೇ ಪ್ರಮಾಣದಲ್ಲಿ ‘ಅ’ ಇಳಿದು, ‘ಆ’ ಮತ್ತು ‘ಇ’ ಏರಿದರೆ ಸೂಚ್ಯಂಕ ಎಷ್ಟಾಗುತ್ತದೆ? ಕಾರಣ ತಿಳಿಸಿ.